ಸಿ.ಡಿ. ಪ್ಲೇಯರ್: ಮುಟ್ಟದೆ ಓದುವ ಯಂತ್ರ



ಮೈಸೂರಿನ ಆಸ್ಥಾನ ಗಾಯಕಿಯಾಗಿದ್ದು, 1930ರಲ್ಲಿ ಆ ಊರಿನಲ್ಲೇ ತೀರಿಕೊಂಡ ಗೌಹರ್ ಜಾನ್ ಅವರ ಹೆಸರನ್ನು ನಿಮ್ಮಲ್ಲಿ ಹಿರಿಯರು ಕೇಳಿರಬಹುದು. 1902ರಲ್ಲಿ ಕಲ್ಕತ್ತೆಯಲ್ಲಿ ಅವರ ಧ್ವನಿ ಗ್ರಾಮಫೋನ್ ತಟ್ಟೆಗೆ ಇಳಿಯಿತು. ತಟ್ಟೆಯೊಂದಕ್ಕೆ ಸುಮಾರು ಮೂರು ನಿಮಿಷದ ಹಾಡು. ಮುಳ್ಳು ಉಜ್ಜುತ್ತಾ ಓಡುತ್ತಿದ್ದುದರಿಂದ ಕೇಳಿದಷ್ಟೂ ತಟ್ಟೆ ಸವೆಯುತ್ತಿತ್ತು. ಎಷ್ಟು ಕೇಳಿದರೂ ಸವೆಯದ ತಟ್ಟೆಯನ್ನು ತಂದವರು ಫಿಲಿಪ್ಸ್ ಮತ್ತು ಸೋನಿ ಕಂಪನಿಯವರು. ಮೊದಲ ಸಿ.ಡಿ. ಪ್ಲೇಯರ್ 1982ರ ಅಕ್ಟೋಬರ್ 1ರಂದು ಜಪಾನಿನಲ್ಲಿ ಮಾರಾಟಕ್ಕೆ ಬಂತು.

ಸಿ.ಡಿ.ಯ ಅಗಲ 12 ಸೆಂ.ಮೀ., ದಪ್ಪ 1.2 ಮಿ.ಮೀ. ಅದರೊಳಗೆ ಕಣ್ಣಿಗೆ ಕಾಣದ ಸಣ್ಣ ಗುಂಡಿಗಳ ಸಾಲು ಸುರುಳಿಯಾಗಿ ಸುತ್ತಿಕೊಂಡಿರುತ್ತದೆ. ಕೆಳಗಿನಿಂದ ಲೇಸರ್ ಬೆಳಕು ಬಿದ್ದು ವಾಪಸಾಗುತ್ತದೆ. ಗುಂಡಿಯ ಅಂಚು ಬಂದ ಕಡೆ ವಾಪಸಾಗುವ ಬೆಳಕು ಬದಲಾಗುತ್ತದೆ, ಅದು ‘ಒಂದು’. ಬದಲಾಗದ ಕಡೆ ‘ಸೊನ್ನೆ’. ಧ್ವನಿಯನ್ನು ಸೆಕೆಂಡಿಗೆ 44,100 ಸಲ ಅಳೆದು ಬರೆದಿಟ್ಟ ಲೆಕ್ಕವನ್ನು ಯಂತ್ರವು ಹೀಗೆ ಓದಿ ಮತ್ತೆ ಧ್ವನಿಯಾಗಿಸುತ್ತದೆ. ಗ್ರಾಮಫೋನ್ ಹೊರಗಿನಿಂದ ಒಳಕ್ಕೆ ಹೋದರೆ ಇದು ಒಳಗಿನಿಂದ ಹೊರಕ್ಕೆ ಬರುತ್ತದೆ. ಆರಂಭದಲ್ಲಿ ನಿಮಿಷಕ್ಕೆ ಸುಮಾರು 500 ಸುತ್ತು, ಅಂಚಿಗೆ ಬರುವಾಗ ಸುಮಾರು 200.

ತಟ್ಟೆಯನ್ನು ಒಳಗೆ ಕೂರಿಸುವ ವಿಧಾನಗಳು ನಾಲ್ಕು. ಮೊದಲನೆಯದು ಮೇಲಿನ ಮುಚ್ಚಳ ತೆರೆದು ಕೈಯಿಂದಲೇ ಇಡುವುದು. ಫಿಲಿಪ್ಸ್‌ನ ಮೊದಲ ಪ್ಲೇಯರ್ ಈ ಬಗೆಯದು. ಇದರಲ್ಲಿ ಕೆಡುವ ಭಾಗಗಳು ಕಡಿಮೆ. ಆದರೆ ಮುಚ್ಚಳ ತೆರೆದಿಟ್ಟರೆ ಲೆನ್ಸಿನ ಮೇಲೆ ಧೂಳು ಕೂರುತ್ತದೆ. ಎರಡನೆಯದು ಗುಂಡಿ ಒತ್ತಿದರೆ ಹೊರಬರುವ ಟ್ರೇ. ಸೋನಿಯ ಮೊದಲ ಪ್ಲೇಯರ್ ಹೀಗಿತ್ತು. ಅನೇಕ ಟ್ರೇಗಳನ್ನು ಮೋಟಾರು ಮತ್ತು ರಬ್ಬರ್ ಬೆಲ್ಟ್ ಎಳೆಯುತ್ತವೆ. ಬೆಲ್ಟ್ ಸಡಿಲವಾದರೆ ಟ್ರೇ ಹೊರಗೆ ಬರುವುದಿಲ್ಲ. ಆಗ ಪ್ಲೇಯರನ್ನೇ ಎಸೆಯುವುದು ಬೇಡ, ಬೆಲ್ಟ್ ಬದಲಿಸಿದರೆ ಸಾಕಾಗಬಹುದು. ಮೂರನೆಯದು ಕಾರುಗಳಲ್ಲಿ ಕಾಣುವ ಸೀಳಿನ ಬಗೆ. ರಬ್ಬರ್ ಉರುಳೆಗಳು ತಟ್ಟೆಯನ್ನು ಒಳಗೆಳೆದುಕೊಳ್ಳುತ್ತವೆ. ಸಣ್ಣ ಅಳತೆಯ ತಟ್ಟೆಯನ್ನಾಗಲಿ, ಚೀಟಿ ಅಂಟಿಸಿದ್ದನ್ನಾಗಲಿ ಇದಕ್ಕೆ ಹಾಕಿದರೆ ಸಿಕ್ಕಿಕೊಳ್ಳುವ ಭಯವಿದೆ. ನಾಲ್ಕನೆಯದು ಹಲವು ತಟ್ಟೆಗಳನ್ನು ಒಟ್ಟಿಗೆ ಇಟ್ಟು ಒಂದೊಂದಾಗಿ ನುಡಿಸುವ ಚೇಂಜರ್. ಅನುಕೂಲ ಹೆಚ್ಚು, ರಿಪೇರಿಯ ಕಷ್ಟವೂ ಹೆಚ್ಚು. ಹತ್ತಾರು ಕೈಗಳು ಮುಟ್ಟುವ ಶಾಲೆಗೆ ಮೊದಲನೆಯದೇ ಮೇಲು ಎಂಬುದು ನನ್ನ ಅಭಿಪ್ರಾಯ.

ಕೈಗಾರಿಕಾ ಪ್ರದೇಶವಿರುವ ಹಿರೇಹಳ್ಳಿಯ ಮಕ್ಕಳಿಗೆ ಯಂತ್ರ ಬಿಚ್ಚಿ ನೋಡುವ ಆಸೆ ಸಹಜ. ಬಿಚ್ಚಿರಿ, ಆದರೆ ದೊಡ್ಡವರ ಜೊತೆಯಲ್ಲಿ, ಕರೆಂಟಿನ ಪ್ಲಗ್ ತೆಗೆದ ಮೇಲೆ. ಮುಚ್ಚಳ ತೆರೆದಾಗ ಲೇಸರ್ ಆರಿಸುವ ಸ್ವಿಚ್ಚನ್ನು ಮಾತ್ರ ಎಂದೂ ಮೋಸಗೊಳಿಸಬೇಡಿ. ಆ ಬೆಳಕು ಕಣ್ಣಿಗೆ ಸರಿಯಾಗಿ ಕಾಣುವುದಿಲ್ಲ, ಕಣ್ಣನ್ನು ಕೆಡಿಸಬಲ್ಲದು.

ಲೇಸರ್ ಸವೆಸದಿದ್ದರೂ ನಮ್ಮ ಕೈಗಳು ತಟ್ಟೆಯನ್ನು ಕೆಡಿಸುತ್ತವೆ. ತಟ್ಟೆಯನ್ನು ಅನೇಕರು ದುಂಡಗೆ ಒರೆಸುತ್ತಾರೆ. ಹಾಗೆ ಬಿದ್ದ ಗೀರು ಸುರುಳಿಯ ಉದ್ದಕ್ಕೂ ಸಾಗಿ ಒಂದೇ ಕಡೆಯ ಮಾಹಿತಿಯನ್ನು ಓದಲಾಗದಂತೆ ಮಾಡಬಹುದು. ಸುರುಳಿಯಲ್ಲಿ ಸುಮಾರು ಎರಡೂವರೆ ಮಿ.ಮೀ. ಉದ್ದದ ಮಾಹಿತಿ ಹೋದರೂ ಯಂತ್ರ ಲೆಕ್ಕ ಹಾಕಿ ತುಂಬಿಕೊಳ್ಳುತ್ತದೆ. ಅದಕ್ಕಿಂತ ಹೆಚ್ಚಾದರೆ ಕಷ್ಟ. ಆದ್ದರಿಂದ ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಬೇಕು. ಹೆಸರು ಬರೆಯುವ ಮೇಲ್ಮೈ ಗಟ್ಟಿ ಎಂದು ತಿಳಿಯಬೇಡಿ. ಮಾಹಿತಿಯ ಪದರ ಅದರ ಕೆಳಗೇ ಇದೆ. ಬಾಲ್‌ಪೆನ್ನಿನಿಂದ ಒತ್ತಿ ಬರೆದರೆ ಅದಕ್ಕೇ ಪೆಟ್ಟು.

ಇಷ್ಟೆಲ್ಲ ಹೇಳಿದ್ದು ಯಾಕೆಂದರೆ, ನಮ್ಮ ಮನೆ, ಶಾಲೆಗಳ ಬೀರುಗಳಲ್ಲಿ ಇನ್ನೂ ಸಿ.ಡಿ.ಗಳಿವೆ. ಮದುವೆಯಲ್ಲಿ ಹಿರಿಯರು ಹೇಳಿದ ದುವಾ, ಶಾಲಾ ವಾರ್ಷಿಕೋತ್ಸವದಲ್ಲಿ ಮಕ್ಕಳು ಹಾಡಿದ ನಾತ್ ಮತ್ತು ಕನ್ನಡ ಗೀತೆ, ಮುಷಾಯಿರಾದ ಧ್ವನಿ ಅವುಗಳಲ್ಲಿರಬಹುದು. ಕಂಪ್ಯೂಟರಿನಲ್ಲಿ ಬರೆಸಿದ ಇಂಥ ಸಿ.ಡಿ.ಗಳಲ್ಲಿ ಗುಂಡಿಗಳ ಬದಲು ಬಣ್ಣದ ಪದರವಿರುತ್ತದೆ. ಬಿಸಿಲಿಗೂ ಕಾಲಕ್ಕೂ ಅದು ಮಾಸುತ್ತದೆ. ಇತ್ತ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಹೆಚ್ಚಿನವಕ್ಕೆ ಸಿ.ಡಿ. ಹಾಕುವ ಜಾಗವೇ ಇಲ್ಲ.

ಗೌಹರ್ ಜಾನ್ ಅವರ ದನಿ ಇಂದಿಗೂ ಕೇಳಿಸುತ್ತಿರುವುದು ಅವರ ತಟ್ಟೆಗಳನ್ನು ಯಾರೋ ಜೋಪಾನ ಮಾಡಿದ್ದರಿಂದ. ನಮ್ಮ ಅಜ್ಜ-ಅಜ್ಜಿಯರ ದನಿಗೆ ನಾವಲ್ಲದೆ ಬೇರೆ ಯಾರು? ಈ ರಜೆಯಲ್ಲಿ ಬೀರು ತೆಗೆಯಿರಿ. ತಟ್ಟೆಗಳನ್ನು ಒರೆಸಿ, ಓಡುವ ಪ್ಲೇಯರ್ ಇರುವಾಗಲೇ ಎರಡು ಕಡೆ ನಕಲು ಮಾಡಿ, ಯಾರ ದನಿ, ಯಾವ ವರ್ಷ ಎಂದು ಉರ್ದುವಿನಲ್ಲೋ ಕನ್ನಡದಲ್ಲೋ ಬರೆದಿಡಿ.