ಯೋಧರಿಗೆ ಮಕ್ಕಳ ಕೈಯ ರಾಖಿ



ನೂಲಹುಣ್ಣಿಮೆ ಸಮೀಪಿಸಿದಾಗ ದೇಶದ ಅನೇಕ ಶಾಲೆಗಳ ಮಕ್ಕಳು ತಾವೇ ಮಾಡಿದ ರಾಖಿಗಳನ್ನು ಯೋಧರಿಗೆ ಕಳುಹಿಸುತ್ತಾರೆ. ಗಡಿಯ ಠಾಣೆಗೆ ಹೋಗುವ ಲಕೋಟೆಯ ಮೇಲೆ ಊರಿನ ಹೆಸರಿರುವುದಿಲ್ಲ; ದಳದ ಹೆಸರಿನೊಡನೆ ‘56 ಎಪಿಒ’ ಅಥವಾ ‘99 ಎಪಿಒ’ ಎಂದಿದ್ದರೆ ಸೇನಾ ಅಂಚೆಯು ಮುಟ್ಟಿಸುತ್ತದೆ. ವಿಶ್ವಸಂಸ್ಥೆಯ ಶಾಂತಿಪಾಲನೆಗೆಂದು ಲೆಬನಾನ್, ದಕ್ಷಿಣ ಸುಡಾನ್‌ಗಳಿಗೆ ತೆರಳಿದ ನಮ್ಮ ಯೋಧರೂ ಹಬ್ಬದ ದಿನ ಮನೆಯಿಂದ ದೂರವೇ.

1961ರ ಡಿಸೆಂಬರಿನಲ್ಲಿ ಗೋವೆಯನ್ನು ಬಿಡುಗಡೆಗೊಳಿಸಿದ ಸೇನೆಗೆ ಈ ನೆಲ ಋಣಿ. ಧಾರವಾಡ ಜಿಲ್ಲೆಯ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರು 2016ರ ಫೆಬ್ರವರಿಯಲ್ಲಿ ಸಿಯಾಚಿನ್‌ನ 19,600 ಅಡಿ ಎತ್ತರದಲ್ಲಿ ಹಿಮದಡಿ ಸಿಲುಕಿ, ಆರು ದಿನಗಳ ಬಳಿಕ ಜೀವಂತವಾಗಿ ದೊರೆತು, 11ರಂದು ದೆಹಲಿಯಲ್ಲಿ ಕೊನೆಯುಸಿರೆಳೆದರು. ಅಂತಹ ಎತ್ತರದಲ್ಲಿ ಇಂದಿಗೂ ಕಾವಲಿರುವ ಕನ್ನಡಿಗನಿಗೆ ತಾಯ್ನುಡಿಯ ಎರಡು ಸಾಲುಗಳು ಪೇಟೆಯ ಹೊಳೆಯುವ ರಾಖಿಗಿಂತ ಹಿರಿದು.

ಕೊಂಕಣಿ ಮಾತಿನ ಮಡ್ಕಯಿಯಲ್ಲಿ ಕನ್ನಡ ಕಲಿತು ಫಲವೇನೆಂದು ಕೇಳುವ ಪಾಲಕರುಂಟು. ಆ ಎರಡು ಸಾಲುಗಳನ್ನು ಬರೆಯಬಲ್ಲ ಮಗುವೇ ಅದಕ್ಕೆ ಉತ್ತರ. ಆದುದರಿಂದ ತಮ್ಮಲ್ಲಿ ನನ್ನ ಬಿನ್ನಹವಿಷ್ಟೆ: ರಾಖಿಯನ್ನು ಕೊಂಡು ಕೊಡಬೇಡಿ, ಪತ್ರವನ್ನು ತಾವೇ ಬರೆದುಕೊಡಬೇಡಿ. ದಾರವನ್ನು ಮಗುವೇ ಹೊಸೆಯಲಿ. ಕಾಗುಣಿತ ಒಂದೆರಡು ಕಡೆ ತಪ್ಪಿದರೂ ಅಕ್ಷರ ಮಗುವಿನದೇ ಆಗಿರಲಿ. ನೂರು ವರ್ಷ ಅಕ್ಷರ ಕಲಿಸಿದ ಶಾಲೆಗೆ ಅದಕ್ಕಿಂತ ಹೆಚ್ಚಿನ ಗೌರವ ಬೇಕಿಲ್ಲ.