ಬೀಗರ ಮುಂದೆ ಬಾಕಿ ಕೇಳಬೇಡ
(ರೈತರ ಅಧ್ಯಯನ ಶಿಬಿರದಲ್ಲಿ ಮಾಡಿದ ಭಾಷಣ)



ಬೆಲೆ, ಸಾಲ ಬಿಟ್ಟು ಇವರು ಆಟದ ವಿಷಯ ಯಾಕೆ ತೆಗೆದರು ಅಂತ ನಿಮಗೆ ಅನ್ನಿಸಬಹುದು. ಕೂಲಿ ಬಾಕಿಯ ವಿಷಯವೇ ಇದು, ಸ್ವಲ್ಪ ಕೇಳಿ.

1982ರ ನವೆಂಬರ್ 19ರಿಂದ ಡಿಸೆಂಬರ್ 4ರ ತನಕ ದಿಲ್ಲಿಯಲ್ಲಿ ಏಷ್ಯನ್ ಕ್ರೀಡಾಕೂಟ ನಡೆಯಿತು. ಕ್ರೀಡಾಂಗಣಗಳು, ಮೇಲ್ಸೇತುವೆಗಳು ಎದ್ದವು. ಬಣ್ಣದ ಟಿ.ವಿ. ಬಂದದ್ದೂ ಆ ವರ್ಷವೇ. ಅಪ್ಪು ಅನ್ನೋ ಆನೆಮರಿಯ ಚಿತ್ರ ಎಲ್ಲೆಲ್ಲೂ. ದೇಶದ ಮಾನದ ಪ್ರಶ್ನೆ, ಹೊರಗಿನವರು ನೋಡ್ತಾರೆ, ಈಗ ಯಾರೂ ತಕರಾರು ತೆಗೆಯಬಾರದು ಅನ್ನೋದು ಆಗಿನ ಹವಾ.

ಮದುವೆ ಮನೆಗೆ ಸಾಲ ಕೊಟ್ಟವನು ಬಂದರೆ ನಾವೂ ಹಾಗೇ ಅಂತೀವಿ: ಬೀಗರ ಮುಂದೆ ಮಾತು ಬೇಡಪ್ಪ, ಆಮೇಲೆ ಬಾ. ಆದರೆ ಇಲ್ಲಿ ಬಾಕಿ ಉಳಿದಿದ್ದು ಚಪ್ಪರ ಹಾಕಿದವರದೇ.

ಆ ಕಲ್ಲು ಮಣ್ಣು ಹೊತ್ತವರು ರಾಜಸ್ಥಾನ, ಉತ್ತರ ಪ್ರದೇಶ, ಒರಿಸ್ಸಾ ಕಡೆಯ ಹಳ್ಳಿಯವರು. ಅವರನ್ನು ಕರೆತಂದವರು ಜಮಾದಾರರು. ನಮ್ಮಲ್ಲಿ ಮೇಸ್ತ್ರಿ ಅಂತೀವಲ್ಲ, ಅವರೇ. ದಿನಕ್ಕೆ ಕನಿಷ್ಠ ಕೂಲಿ 9 ರೂಪಾಯಿ 25 ಪೈಸೆ. ಗುತ್ತಿಗೆದಾರ ಅದನ್ನು ಜಮಾದಾರನ ಕೈಗೆ ಕೊಡ್ತಿದ್ದ, ಜಮಾದಾರ ಒಂದು ರೂಪಾಯಿ ಮುರಿದುಕೊಂಡು 8 ರೂಪಾಯಿ 25 ಪೈಸೆ ಕೊಡ್ತಿದ್ದ. ಹೆಂಗಸರಿಗೆ ಏಳೇ ರೂಪಾಯಿ ಅಂತಲೂ ದೂರಿತ್ತು. ಪಿ.ಯು.ಡಿ.ಆರ್. ಎಂಬ ಹಕ್ಕುಗಳ ಸಂಘಟನೆ ನ್ಯಾಯಮೂರ್ತಿ ಪಿ.ಎನ್. ಭಗವತಿಯವರಿಗೆ ಒಂದು ಕಾಗದ ಬರೆಯಿತು; ಸುಪ್ರೀಂ ಕೋರ್ಟು ಆ ಕಾಗದವನ್ನೇ ಅರ್ಜಿ ಅಂತ ತೆಗೆದುಕೊಂಡಿತು. ಸರ್ಕಾರದ ಕಡೆಯವರ ಮೊದಲ ವಾದ ಏನು ಗೊತ್ತೆ? ಕೂಲಿ ಇವರದಲ್ಲ, ಕೇಳೋಕೆ ಇವರು ಯಾರು! 1982ರ ಸೆಪ್ಟೆಂಬರಿನಲ್ಲಿ ತೀರ್ಪು ಬಂತು: ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸಿದರೆ ಅದು ಬಲವಂತದ ದುಡಿಮೆ, ಸಂವಿಧಾನದ 23ನೇ ವಿಧಿಗೆ ವಿರುದ್ಧ. ಹೊಟ್ಟೆಗಿಲ್ಲದವನು ಒಪ್ಪಿಕೊಂಡು ಬಂದ ಅನ್ನೋದು ಒಪ್ಪಿಗೆ ಅಲ್ಲ, ಹಸಿವೂ ಬಲವಂತವೇ ಅಂತ ಕೋರ್ಟು ಹೇಳಿತು. ನಮ್ಮ ಸಾಲದ ಪತ್ರಗಳಿಗೆ ಹೆಬ್ಬೆಟ್ಟು ಒತ್ತಿದವರು ಈ ಮಾತನ್ನು ಗಟ್ಟಿಯಾಗಿ ಓದಿಸಿಕೊಂಡು ಕೇಳಬೇಕು.

ಇನ್ನು ಪಂಜಾಬಿನವರ ಕಥೆ. ಸಟ್ಲೆಜ್–ಯಮುನಾ ಕಾಲುವೆಗೆ 1982ರ ಏಪ್ರಿಲಿನಲ್ಲಿ ಇಂದಿರಾ ಗಾಂಧಿಯವರು ಕಪೂರಿ ಗ್ರಾಮದಲ್ಲಿ ಚಾಲನೆ ಕೊಟ್ಟರು. ನಮ್ಮ ನೀರು ಹರಿಯಾಣಕ್ಕೆ ಹೋಗ್ತದೆ ಅಂತ ಅಕಾಲಿಗಳು ಅಲ್ಲೇ ಕಾಲುವೆ ತಡೆ ಚಳವಳಿ ಹೂಡಿದರು. ಕಾಲುವೆ ನೀರಿನ ಜಗಳ ಅಂದರೇನು ಅಂತ ನರಗುಂದ, ನವಲಗುಂದ ಕಂಡ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಆಗಸ್ಟಿನಲ್ಲಿ ಅದು ಧಾರ್ಮಿಕ, ರಾಜಕೀಯ ಬೇಡಿಕೆಗಳೆಲ್ಲ ಸೇರಿದ ಧರ್ಮಯುದ್ಧ ಮೋರ್ಚಾ ಆಯ್ತು. ಕ್ರೀಡಾಕೂಟದ ಹೊತ್ತಿಗೆ ದಿಲ್ಲಿಯಲ್ಲೇ ಪ್ರತಿಭಟಿಸ್ತೀವಿ ಅಂದರು. ಆ ಎಲ್ಲ ಬೇಡಿಕೆಗಳನ್ನೂ ನಾನು ಒಪ್ಪಬೇಕಾಗಿಲ್ಲ. ಆದರೆ ಭಜನಲಾಲರ ಹರಿಯಾಣ ಸರ್ಕಾರದ ಪೊಲೀಸರು ಮಾಡಿದ್ದೇನು? ದಿಲ್ಲಿ ದಾರಿಯಲ್ಲಿ ಬಸ್ಸು, ರೈಲು, ಕಾರು ನಿಲ್ಲಿಸಿ ಪೇಟ ಕಂಡವರನ್ನೆಲ್ಲ ಇಳಿಸಿ ಶೋಧಿಸಿದರು. ಚಳವಳಿಗೆ ಸಂಬಂಧವೇ ಇಲ್ಲದವರು, ಸೈನ್ಯದಲ್ಲಿ ದೊಡ್ಡ ಹುದ್ದೆಯಲ್ಲಿದ್ದ ಸಿಖ್ಖರು ಕೂಡ ಆ ಅವಮಾನ ಉಂಡರು. ದೇಶಕ್ಕಾಗಿ ಯುದ್ಧ ಮಾಡಿ ಬಂದವನು ದೇಶದ ಆಟ ನೋಡೋಕೆ ಹೊರಟರೆ ಅವನು ಅನುಮಾನದ ಮನುಷ್ಯ! ಪಂಜಾಬಿನಲ್ಲಿ ಆಮೇಲೆ ನಡೆದದ್ದಕ್ಕೆಲ್ಲ ಇದೊಂದೇ ಕಾರಣ ಅಂತ ನಾನು ಹೇಳೋದಿಲ್ಲ. ಆದರೆ ಆ ದಾರಿಯಲ್ಲಿ ಕೆಳಗಿಳಿಸಿಕೊಂಡವರು ಅದನ್ನು ಮರೆಯಲಿಲ್ಲ.

ಡಿಸೆಂಬರ್ 1ರಂದು ಹಾಕಿ ಫೈನಲ್ಲಿನಲ್ಲಿ ಪಾಕಿಸ್ತಾನ 7–1ರಿಂದ ಗೆದ್ದಿತು. ನಮ್ಮ ಗೋಲ್‌ಕೀಪರ್ ಮೀರ್ ರಂಜನ್ ನೇಗಿಯವರಿಗೆ ದೇಶದ್ರೋಹಿ ಅನ್ನೋ ಹೆಸರು ಅಂಟಿಸಿದರು. ಸೋತವನಿಗೆ ಆ ಹೆಸರು ಸಿಕ್ಕಿತು. ಕೂಲಿಯಲ್ಲಿ ದಿನಕ್ಕೊಂದು ರೂಪಾಯಿ ನುಂಗಿದವನಿಗೆ ಯಾರೂ ಹಾಗೆ ಅನ್ನಲಿಲ್ಲ.

2010ರಲ್ಲಿ ಅದೇ ದಿಲ್ಲಿಯಲ್ಲಿ ಕಾಮನ್‌ವೆಲ್ತ್ ಕ್ರೀಡಾಕೂಟ. ಮತ್ತೆ ದೇಶದ ಮಾನ, ಮತ್ತೆ ಹಳ್ಳಿಗಳಿಂದ ಬಂದ ಕೂಲಿಯವರು. ಅದೇ ಪಿ.ಯು.ಡಿ.ಆರ್. 28 ವರ್ಷದ ಮೇಲೆ ಮತ್ತೆ ಕೋರ್ಟಿನ ಮೆಟ್ಟಿಲು ಹತ್ತಿತು. ಈ ಸಲ ದಿಲ್ಲಿ ಹೈಕೋರ್ಟು. ಕೇಳಿದ್ದು ಅದೇ: ಕೊಡಬೇಕಾದ ಕೂಲಿ ಕೊಡಿಸಿ.