ಎರಡನೇ ಸಲ ಬರುವ ರೋಗಿ

ದಾವಣಗೆರೆ, ಶಿವಮೊಗ್ಗ, ಚಿತ್ರದುರ್ಗಗಳಿಂದ ಬಂದು ಮುಂದಿನ ಸಾಲಿನಲ್ಲಿ ಕೂತಿರುವ ನಮ್ಮ ಗುರುಗಳೇ, ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳಲ್ಲಿ ಹಲ್ಲಿನ ಕ್ಲಿನಿಕ್ ನಡೆಸುತ್ತಿರುವ ನನ್ನ ಸಹೋದ್ಯೋಗಿ ಬಂಧುಗಳೇ,

ತುಂಗಭದ್ರೆಯ ದಡದ ಈ ಹೊನ್ನಾಳಿಯಲ್ಲಿ ದಂತವೈದ್ಯರ ಸಮಾವೇಶದ ಅಧ್ಯಕ್ಷ ಸ್ಥಾನವನ್ನು ನನಗೆ ಕೊಟ್ಟಿದ್ದೀರಿ, ಅದಕ್ಕೆ ಋಣಿ. ಇಂಥ ಸಮಾವೇಶದಲ್ಲಿ ಅಧ್ಯಕ್ಷರು ಇಂಪ್ಲಾಂಟ್, ಲೇಸರ್, ಅಲೈನರ್‌ಗಳ ಬಗ್ಗೆ ಮಾತಾಡುವುದು ವಾಡಿಕೆ. ಅವೆಲ್ಲ ಮಧ್ಯಾಹ್ನದ ಗೋಷ್ಠಿಗಳಲ್ಲಿ ಬರಲಿವೆ. ನಾನು ದುಡ್ಡಿನ ಮಾತಾಡುತ್ತೇನೆ. ಡಾಕ್ಟರಾದವರು ಸಂಪಾದನೆಯ ಮಾತನ್ನು ವೇದಿಕೆಯ ಮೇಲೆ ಎತ್ತಬಾರದು ಎಂಬ ಸಂಕೋಚ ನಮ್ಮಲ್ಲಿ ಹಿಂದಿನಿಂದ ಬಂದಿದೆ. ಆ ಸಂಕೋಚಕ್ಕೆ ನಮ್ಮ ತಾಲ್ಲೂಕುಗಳ ಜನ ತಮ್ಮ ಹಲ್ಲುಗಳನ್ನೇ ತೆತ್ತಿದ್ದಾರೆ ಎಂಬುದು ನನ್ನ ನಂಬಿಕೆ.

ಇಂಟರ್ನ್‌ಶಿಪ್ ಮುಗಿಸಿದ ಹುಡುಗ ಹುಡುಗಿಯರು ನಮ್ಮನ್ನು ಕೇಳುತ್ತಾರೆ: "ಸಾರ್, ಊರಲ್ಲೇ ಕ್ಲಿನಿಕ್ ಹಾಕಲಾ, ಬೆಂಗಳೂರಿಗೆ ಹೋಗಲಾ?" ನಾವು ಹಿರಿಯರು ಕೊಡುವ ಉತ್ತರವೂ ಸಿದ್ಧವಾಗಿರುತ್ತದೆ: "ಊರಲ್ಲಿ ಖರ್ಚು ಕಡಿಮೆ ಕಣಪ್ಪ, ಇಲ್ಲೇ ಇರು." ಈ ಉತ್ತರ ಅರ್ಧ ಲೆಕ್ಕ ಮಾತ್ರ. ಬಾಡಿಗೆ ಕಡಿಮೆ, ನಿಜ. ಸಹಾಯಕರ ಸಂಬಳ ಕಡಿಮೆ, ಹಾಲು ತರಕಾರಿ ಕಡಿಮೆ, ಅದೂ ನಿಜ. ಆದರೆ ಡೆಂಟಲ್ ಚೇರಿಗೆ ಜಗಳೂರಿನ ದರ ಅಂತ ಒಂದು ಇದೆಯೇ? ಕಂಪ್ರೆಸರ್, ಆಟೊಕ್ಲೇವ್, ಎಕ್ಸ್‌ರೇ ಸೆನ್ಸರ್, ರೂಟ್ ಕೆನಾಲ್ ಫೈಲು, ಕಾಂಪೋಸಿಟ್, ಮರಗಟ್ಟಿಸುವ ಇಂಜೆಕ್ಷನ್, ಇವೆಲ್ಲ ಬೆಂಗಳೂರಿನ ಜಯನಗರದಲ್ಲಿ ಯಾವ ಬೆಲೆಗೋ ನ್ಯಾಮತಿಯಲ್ಲೂ ಅದೇ ಬೆಲೆಗೆ. ಸಾಗಣೆ ಸೇರಿದರೆ ಒಂದಿಷ್ಟು ಜಾಸ್ತಿಯೇ. ನಮ್ಮ ಚಿಕಿತ್ಸೆಗೆ ಜಿಎಸ್‌ಟಿ ವಿನಾಯಿತಿ ಇದೆ. ಅದೇ ಕಾರಣಕ್ಕೆ ಸಾಮಗ್ರಿ ಕೊಳ್ಳುವಾಗ ಕಟ್ಟಿದ ಜಿಎಸ್‌ಟಿ ನಮಗೆ ವಾಪಸು ಸಿಗುವುದಿಲ್ಲ, ಖರ್ಚಿನ ಲೆಕ್ಕಕ್ಕೇ ಸೇರುತ್ತದೆ. ಕ್ಲಿನಿಕ್ ನೋಂದಣಿ, ವೈದ್ಯಕೀಯ ತ್ಯಾಜ್ಯ ಒಯ್ಯುವವರಿಗೆ ಕೊಡುವ ಹಣ, ಕರೆಂಟ್ ಹೋದರೆ ಬೇಕಾಗುವ ಯುಪಿಎಸ್, ಇವುಗಳಿಗೂ ಊರು ಚಿಕ್ಕದೆಂಬ ರಿಯಾಯಿತಿ ಇಲ್ಲ.

ಲೆಕ್ಕಕ್ಕೆಂದೇ ಒಂದು ಉದಾಹರಣೆ ಹಿಡಿಯೋಣ. ನಗರದಲ್ಲಿ ಒಂದು ಚಿಕಿತ್ಸೆಗೆ ನೂರು ರೂಪಾಯಿ ತೆಗೆದುಕೊಂಡರೆ ಸಾಮಗ್ರಿ ಮತ್ತು ಲ್ಯಾಬಿಗೆ ಇಪ್ಪತ್ತೈದು ಹೋಗುತ್ತದೆ ಅನ್ನಿ. ಅದೇ ಚಿಕಿತ್ಸೆಗೆ ನಾವು ಇಲ್ಲಿ ಐವತ್ತು ತೆಗೆದುಕೊಳ್ಳುತ್ತೇವೆ. ಹೋಗುವುದು ಅದೇ ಇಪ್ಪತ್ತೈದು. ಅವರಿಗೆ ಎಪ್ಪತ್ತೈದು ಉಳಿದರೆ ನಮಗೆ ಇಪ್ಪತ್ತೈದು. ಫೀಸು ಅರ್ಧವಾದಾಗ ಉಳಿಕೆ ಮೂರನೇ ಒಂದಕ್ಕೆ ಇಳಿಯಿತು. ಬಾಡಿಗೆಯಲ್ಲಿ ಆದ ಉಳಿತಾಯದಿಂದ ಈ ಅಂತರ ತುಂಬಬೇಕು. ಒಮ್ಮೊಮ್ಮೆ ತುಂಬುತ್ತದೆ, ಬಹಳ ಸಲ ತುಂಬುವುದಿಲ್ಲ.

ಇನ್ನೊಂದು ಸಂಗತಿ ನಮ್ಮ ನಾಲ್ಕು ತಾಲ್ಲೂಕುಗಳಿಗೇ ವಿಶೇಷವಾದದ್ದು. ದಾವಣಗೆರೆಯಲ್ಲಿ 1979ರಲ್ಲಿ ಬಾಪೂಜಿ ದಂತ ವೈದ್ಯಕೀಯ ಕಾಲೇಜು ಬಂತು, ಆಮೇಲೆ ಅದೇ ಊರಿನಲ್ಲಿ ಕಾಲೇಜ್ ಆಫ್ ಡೆಂಟಲ್ ಸೈನ್ಸಸ್. ಶಿವಮೊಗ್ಗದಲ್ಲಿ ಶರಾವತಿ, ಚಿತ್ರದುರ್ಗದಲ್ಲಿ ಎಸ್‌ಜೆಎಂ. ನಾಲ್ಕು ದಂತ ಕಾಲೇಜುಗಳ ನಡುವೆ ನಮ್ಮ ನಾಲ್ಕು ತಾಲ್ಲೂಕು. ನಮ್ಮಲ್ಲಿ ಅನೇಕರು ಕಲಿತದ್ದು ಅಲ್ಲೇ. ಅಲ್ಲಿನ ಆಸ್ಪತ್ರೆಗಳಲ್ಲಿ ಬಡವರಿಗೆ ಅತ್ಯಲ್ಪ ದರದಲ್ಲಿ ಚಿಕಿತ್ಸೆ ಸಿಗುತ್ತದೆ, ಸಿಗಲೇಬೇಕು. ಕಲಿಯುವ ಮಕ್ಕಳಿಗೂ ರೋಗಿಗಳು ಬೇಕು. ಆದರೆ ನಮ್ಮೂರಿನ ಕ್ಲಿನಿಕ್ಕಿನ ದರ ನಿಗದಿಯಾಗುವುದು ಊರಿನ ಬಾಡಿಗೆಯಿಂದ ಅಲ್ಲ, ಆ ಕಾಲೇಜುಗಳ ಚೀಟಿಯ ದರ ಮತ್ತು ಅಲ್ಲಿಗೆ ಹೋಗುವ ಬಸ್ ಚಾರ್ಜು ಎರಡನ್ನೂ ಕೂಡಿಸಿದ ಮೊತ್ತದಿಂದ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಬಸ್ಸು ಓಡುವ ದಾರಿಗಳಲ್ಲಿ ಹೆಣ್ಣುಮಕ್ಕಳ ಪಾಲಿಗೆ ಆ ಬಸ್ ಚಾರ್ಜೂ ಇಲ್ಲವಾಯಿತು. ಅದನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ. ಹಲ್ಲುನೋವನ್ನು ವರ್ಷಗಟ್ಟಲೆ ನುಂಗಿಕೊಂಡಿದ್ದ ಎಷ್ಟೋ ತಾಯಂದಿರು ಈಗ ಗಂಡನ ಜೇಬು ಕಾಯದೆ ಆಸ್ಪತ್ರೆಯ ಬಾಗಿಲಿಗೆ ಬರುತ್ತಿದ್ದಾರೆ. ಆದರೆ ಊರಿನ ನಕ್ಷೆ ಹಾಗೇ ಇದ್ದರೂ ಒಂದು ಕ್ಲಿನಿಕ್ಕಿನ ಜಾಗದ ಬೆಲೆ ಒಂದು ದಿನದಲ್ಲಿ ಹೇಗೆ ಬದಲಾಗಬಹುದು ಎಂಬುದಕ್ಕೂ ಅದೇ ಸಾಕ್ಷಿ.

ಹಾಗಾದರೆ ನಮ್ಮೂರಿನ ದಂತವೈದ್ಯರು ಬದುಕುವುದು ಯಾವುದರಿಂದ? ನನ್ನ ಉತ್ತರ ಒಂದೇ: ಎರಡನೇ ಸಲ ಬರುವ ರೋಗಿಯಿಂದ. ಹಲ್ಲು ಕೀಳಲು ಒಂದು ಸಲ ಬಂದರೆ ಸಾಕು. ಹಲ್ಲು ಉಳಿಸಲು ಎರಡು ಮೂರು ಸಲ ಬರಬೇಕು. ರೂಟ್ ಕೆನಾಲ್ ಆಗಬೇಕು, ಅಳತೆ ಕೊಡಬೇಕು, ಆ ಅಳತೆ ಬಸ್ಸಿನ ಪಾರ್ಸಲ್‌ನಲ್ಲಿ ದಾವಣಗೆರೆಯ ಲ್ಯಾಬಿಗೆ ಹೋಗಿ ಕ್ಯಾಪ್ ಆಗಿ ಬರಬೇಕು, ಕ್ಯಾಪ್ ಕೂರಬೇಕು. ಹಳ್ಳಿಯಿಂದ ಬರುವವರಿಗೆ ಪ್ರತಿ ಸಲವೂ ಒಂದು ದಿನದ ಕೂಲಿ ಖೋತಾ. ಸಂತೆಯ ದಿನ ಬಂದವರು ಮುಂದಿನ ಸಂತೆಗೆ ಬರುತ್ತೇನೆ ಅನ್ನುತ್ತಾರೆ. ಅಷ್ಟರಲ್ಲಿ ಔಷಧದಿಂದ ನೋವು ನಿಂತಿರುತ್ತದೆ, ಬರುವುದಿಲ್ಲ. ಆರು ತಿಂಗಳಿಗೆ ಬಾವು ಬಂದಾಗ ಬಂದು, "ಕಿತ್ತು ಹಾಕಿಬಿಡಿ ಡಾಕ್ಟ್ರೇ" ಅನ್ನುತ್ತಾರೆ. ಕಿತ್ತದ್ದಕ್ಕೆ ಸಿಗುವ ಫೀಸು ಸಣ್ಣದು, ಜನ ಕಳೆದುಕೊಂಡದ್ದು ದೊಡ್ಡದು. ನಮ್ಮ ಆದಾಯ ಮತ್ತು ಅವರ ಬಾಯಿಯ ಆರೋಗ್ಯ ಒಂದೇ ಜಾಗದಲ್ಲಿ ಸೋರಿಹೋಗುತ್ತಿವೆ. ಆದ್ದರಿಂದಲೇ ಇಲ್ಲಿ ಸಂಪಾದನೆಯ ಮಾತಾಡುವುದು ಸ್ವಾರ್ಥ ಎಂದು ನನಗೆ ಅನ್ನಿಸುವುದಿಲ್ಲ.

ಈಗ ನಮ್ಮ ಊರುಗಳನ್ನೇ ನೋಡೋಣ. ಹೆಸರಿಗೆ ಎಲ್ಲವೂ ಒಂದೇ ದಾವಣಗೆರೆ ಜಿಲ್ಲೆ, ಆದರೆ 1997ಕ್ಕೆ ಮುಂಚೆ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗಕ್ಕೆ ಸೇರಿದ್ದವು, ಜಗಳೂರು ಚಿತ್ರದುರ್ಗಕ್ಕೆ. ಜಿಲ್ಲೆಯ ಗಡಿ ಬದಲಾದರೂ ಜನ ಆಸ್ಪತ್ರೆಗೆ ಹೋಗುವ ದಾರಿ ಬದಲಾಗಿಲ್ಲ.

ಚನ್ನಗಿರಿ ಅಡಿಕೆಯ ನಾಡು. ಭದ್ರಾ ನಾಲೆಯ ನೀರು, ಸೂಳೆಕೆರೆಯ ಆಸರೆ, ಮಾರಲು ಬೆಳೆಗಾರರ ಸಹಕಾರ ಸಂಘ ತುಮ್ಕೋಸ್. ರಾಶಿ ಅಡಿಕೆಗೆ ಒಳ್ಳೆಯ ಧಾರಣೆ ಸಿಕ್ಕ ತಿಂಗಳು ಕ್ಲಿನಿಕ್ಕಿನಲ್ಲಿ ಸೆರಾಮಿಕ್ ಕ್ಯಾಪು, ಇಂಪ್ಲಾಂಟು, ಮಗಳ ಹಲ್ಲಿಗೆ ಕ್ಲಿಪ್ಪು, ಎಲ್ಲಕ್ಕೂ ಜನ ಇರುತ್ತಾರೆ. "ಕೇಣಿ ದುಡ್ಡು ಬರಲಿ, ಮಾಡ್ಸಾಣ" ಎಂಬ ಮಾತು ಅಲ್ಲಿನ ನಮ್ಮ ಗೆಳೆಯರಿಗೆಲ್ಲ ಬಾಯಿಪಾಠ. ಮರದ ಮೇಲಿನ ಫಸಲು ಮಾರಿದ ಆ ಕೇಣಿ ದುಡ್ಡು ವರ್ಷಕ್ಕೊಮ್ಮೆ ಬರುತ್ತದೆ. ನಮ್ಮ ಬ್ಯಾಂಕಿನ ಕಂತು ತಿಂಗಳಿಗೊಮ್ಮೆ. 2023ರಲ್ಲಿ ಮಳೆ ಕೈಕೊಟ್ಟು, ಮುಂದಿನ ಬೇಸಿಗೆಯಲ್ಲಿ ತೋಟ ಉಳಿಸಿಕೊಳ್ಳಲು ರೈತರು ಟ್ಯಾಂಕರ್ ನೀರು ಕೊಂಡರಲ್ಲ, ಆ ಬೇಸಿಗೆಯಲ್ಲಿ ಹಲ್ಲಿಗೆಂದು ತೆಗೆದಿಡಲು ಯಾರ ಬಳಿಯೂ ಏನೂ ಉಳಿದಿರಲಿಲ್ಲ. ಮರಕ್ಕೆ ನೀರು ಮೊದಲು, ಹಲ್ಲು ಆಮೇಲೆ. ಅವರ ಲೆಕ್ಕ ಸರಿಯಾಗಿಯೇ ಇದೆ.

ಅಡಿಕೆಯ ಇನ್ನೊಂದು ಮುಖವನ್ನೂ ಇಲ್ಲಿ ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ, ಹೊಗೆಸೊಪ್ಪು ಸೇರದ ಬರೀ ಅಡಿಕೆ ಜಗಿಯುವುದರಿಂದಲೂ ಕ್ಯಾನ್ಸರ್ ಬರುತ್ತದೆ ಎಂದು 2004ರಲ್ಲಿ ಪ್ರಕಟಿಸಿತು. ಕರ್ನಾಟಕದಲ್ಲಿ 2013ರಿಂದ ಗುಟ್ಕಾ ನಿಷೇಧವಾಗಿದೆ. ಆದರೂ ಪಾನ್ ಮಸಾಲೆ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿಯಾಗಿ ಅಂಗಡಿಗಳಲ್ಲಿ ನೇತಾಡುತ್ತಲೇ ಇವೆ. ಇವನ್ನು ಜಗಿದು ಜಗಿದು, ಮೂರು ಬೆರಳು ಒಳಗೆ ಹೋಗಬೇಕಾದ ಬಾಯಿಗೆ ಒಂದು ಬೆರಳೂ ಹೋಗದ ಹರೆಯದ ಹುಡುಗರನ್ನು ನಾವೆಲ್ಲ ನೋಡುತ್ತಿದ್ದೇವೆ. ಅಂಥ ಬಾಯಿಗೆ ಉಪಕರಣ ಹಾಕುವುದೇ ಕಷ್ಟ. ಹೊತ್ತು ಹೆಚ್ಚು, ಫೀಸು ಕಡಿಮೆ. ಊರಿಗೆ ಊರೇ ಅಡಿಕೆಯಿಂದ ಬದುಕುವಾಗ, ಅದೇ ದುಡ್ಡಿನಿಂದ ನಮ್ಮ ಕ್ಲಿನಿಕ್ಕೂ ನಡೆಯುವಾಗ, ಅಡಿಕೆಯ ಅಪಾಯವನ್ನು ಗಟ್ಟಿಯಾಗಿ ಹೇಳುವುದು ಸುಲಭವಲ್ಲ. ಚನ್ನಗಿರಿಯ ನಮ್ಮ ಕಿರಿಯ ವೈದ್ಯರು ಇದನ್ನು ಶಾಲೆ ಕಾಲೇಜುಗಳಿಗೆ ಹೋಗಿ ಹೇಳುತ್ತಿದ್ದರೆ, ಅವರ ಬೆನ್ನಿಗೆ ಈ ಸಭೆ ನಿಲ್ಲಬೇಕು. ಬೆಳೆಗಾರರ ಮೇಲೆ ನಮಗೆ ಯಾವ ದ್ವೇಷವೂ ಇಲ್ಲ. ಮಕ್ಕಳ ಬಾಯಿ ಮುಚ್ಚಿಹೋಗಬಾರದು, ಅಷ್ಟೇ.

ಜಗಳೂರಿನ ಕಥೆಯೇ ಬೇರೆ. ಮೆಕ್ಕೆಜೋಳ, ಶೇಂಗಾ, ಈರುಳ್ಳಿ. ಮಳೆ ಬಂದರೆ ಬೆಳೆ. ಆಳದ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಎಂಬುದು ದೇಶದ ಮಾನಕ. ಹೆಚ್ಚು ಫ್ಲೋರೈಡ್ ಇರುವ ನೀರನ್ನು ಮಗು ಎಂಟು ವರ್ಷದೊಳಗೆ ಕುಡಿದರೆ, ಆಮೇಲೆ ಹುಟ್ಟುವ ಹಲ್ಲಿನ ಮೇಲೆ ಕಂದು ಕಲೆ ಜೀವಮಾನವಿಡೀ ಉಳಿಯುತ್ತದೆ. ಅಲ್ಲಿನ ನಮ್ಮ ಕ್ಲಿನಿಕ್ಕುಗಳಿಗೆ ನೋವಿಲ್ಲದ ರೋಗಿಗಳು ಬರುತ್ತಾರೆ, ಮದುವೆ ಗೊತ್ತಾದ ಹುಡುಗಿ, ಕೆಲಸದ ಇಂಟರ್‌ವ್ಯೂಗೆ ಹೊರಟ ಹುಡುಗ. ಬಾಯಿ ಮುಚ್ಚಿಕೊಂಡೇ ಮಾತಾಡುವ ಅಭ್ಯಾಸ ಅವರಿಗೆ. ನಗರದಲ್ಲಿ ಇದೇ ಕೆಲಸಕ್ಕೆ ವೆನೀರ್ ಹಾಕಿ ದೊಡ್ಡ ಬಿಲ್ಲು ಬರೆಯುತ್ತಾರೆ. ಇಲ್ಲಿ ಅಪ್ಪ ಗುಳೆ ಹೋಗಿ ದುಡಿದು ತಂದ ದುಡ್ಡಿನಲ್ಲಿ ಎಷ್ಟು ಬರೆಯುವುದು? ಕಲೆ ತಿಕ್ಕಿ ತೆಗೆದು, ಮುಂದಿನ ನಾಲ್ಕು ಹಲ್ಲಿಗೆ ಕಾಂಪೋಸಿಟ್ ಬಳಿದು, ಕೊಟ್ಟಷ್ಟು ತೆಗೆದುಕೊಂಡು ಕಳಿಸುವ ನಮ್ಮ ಗೆಳೆಯರಿಗೆ ನಾನು ಈ ಪೀಠದಿಂದ ಕೈಮುಗಿಯುತ್ತೇನೆ. ಗಡಸು ನೀರು ಅವರ ಹ್ಯಾಂಡ್‌ಪೀಸನ್ನೂ ಬಿಡುವುದಿಲ್ಲ. ಚೇರಿಗೂ ಶುದ್ಧ ನೀರನ್ನು ಕೊಂಡೇ ಹಾಕಬೇಕು. ತುಂಗಭದ್ರೆಯ ನೀರಿನಿಂದ ತಾಲ್ಲೂಕಿನ 57 ಕೆರೆ ತುಂಬಿಸುವ ಯೋಜನೆ, ಭದ್ರಾ ಮೇಲ್ದಂಡೆ, ಇವುಗಳನ್ನು ನಾವು ನೀರಾವರಿಯ ವಿಷಯ ಎಂದಷ್ಟೇ ಓದುತ್ತೇವೆ. ಜಗಳೂರಿನ ದಂತವೈದ್ಯರ ಪಾಲಿಗೆ ಅವು ಹಲ್ಲಿನ ವಿಷಯವೂ ಹೌದು, ಸಂಪಾದನೆಯ ವಿಷಯವೂ ಹೌದು.

ಹೊನ್ನಾಳಿಯದು ನದಿಯ, ನಾಲೆಯ, ಭತ್ತದ ಬದುಕು, ಅಷ್ಟಿಷ್ಟು ಸ್ಥಿರ. ಶಿವಮೊಗ್ಗ–ಹರಿಹರ ರಸ್ತೆಯ ಮೇಲಿರುವುದರಿಂದ ರೋಗಿಗಳು ಬರುವುದೂ ಸುಲಭ, ಹೋಗುವುದೂ ಸುಲಭ. ನ್ಯಾಮತಿ 2018ರಿಂದ ತಾಲ್ಲೂಕು ಕೇಂದ್ರ. ಕಚೇರಿಗಳು ಬಂದ ಊರಿನಲ್ಲಿ ಮಳಿಗೆಯ ಅಡ್ವಾನ್ಸ್ ಮೊದಲು ಏರುತ್ತದೆ, ಜನಸಂಚಾರ ಆಮೇಲೆ ಬರುತ್ತದೆ. ಸವಳಂಗ ದಾಟಿದರೆ ಶಿವಮೊಗ್ಗ ಹತ್ತಿರ. ಸುತ್ತಲಿನ ತಾಂಡಾಗಳಿಂದ ಕಾಫಿ ಸೀಮೆಗೆ ಕೆಲಸಕ್ಕೆ ಹೋದ ಕುಟುಂಬಗಳು ತಿಂಗಳುಗಟ್ಟಲೆ ಊರಲ್ಲೇ ಇರುವುದಿಲ್ಲ. ಅಲ್ಲಿ ಹೊಸದಾಗಿ ಕ್ಲಿನಿಕ್ ತೆರೆದವರಿಗೆ ಮೊದಲ ಮೂರು ವರ್ಷ ದಾಟುವ ಶಕ್ತಿ ಇರಬೇಕು.

ಇನ್ನು ಜೀವನವೆಚ್ಚ. ಮಗು ಒಂದನೇ ತರಗತಿಗೆ ಬರುವವರೆಗೂ ತಾಲ್ಲೂಕಿನ ಬದುಕು ಅಗ್ಗ. ಆಮೇಲೆ ನಮ್ಮಲ್ಲಿ ಬಹಳ ಮಂದಿ ದಾವಣಗೆರೆಯಲ್ಲೋ ಶಿವಮೊಗ್ಗದಲ್ಲೋ ಇನ್ನೊಂದು ಮನೆ ಮಾಡಿದೆವು. ಹೆಂಡತಿಯೋ ಗಂಡನೋ ಮಕ್ಕಳ ಜೊತೆ ಅಲ್ಲಿ, ಡಾಕ್ಟರು ದಿನವೂ ರಸ್ತೆಯ ಮೇಲೆ. ಎರಡು ಬಾಡಿಗೆ, ಎರಡು ಗ್ಯಾಸು, ಕಾರಿನ ಡೀಸೆಲ್ಲು, ಶಾಲೆಯ ಫೀಸು. ಕೊನೆಗೆ ನಗರದ ಖರ್ಚನ್ನು ಹಳ್ಳಿಯ ಫೀಸಿನಲ್ಲಿ ತೂಗಿಸುವ ಸ್ಥಿತಿ. ಜೊತೆಗೆ ಸಂಜೆ ಐದಕ್ಕೆ ಕ್ಲಿನಿಕ್ ಬೀಗ ಬೀಳುತ್ತದೆ. ಹೊಲ ತೋಟದಿಂದ ಜನ ಬರುವ ಹೊತ್ತು ಸಂಜೆ ಆರು. ಎರಡನೇ ಸಲ ಬರಬೇಕಾದ ರೋಗಿಗಳು ಬಾಗಿಲು ಮುಚ್ಚಿದ್ದು ನೋಡಿ ವಾಪಸು ಹೋಗುತ್ತಾರೆ. ಊರಲ್ಲೇ ಉಳಿದವರಿಗೆ ನಿಧಾನವಾಗಿಯಾದರೂ ಕೈಹಿಡಿಯುವುದು ಈ ಸಂಜೆಯ ಎರಡು ಗಂಟೆ.

ಇಂಥ ಕಷ್ಟಕ್ಕೆ ಬೇರೆ ದೇಶಗಳು ದಾರಿ ಹುಡುಕಿವೆ. ಇಂಗ್ಲೆಂಡಿನಲ್ಲಿ ದಂತವೈದ್ಯರು ಸಿಗದ ಊರುಗಳಿಗೆ ಹೋಗಿ ಮೂರು ವರ್ಷ ನಿಲ್ಲುವವರಿಗೆ 20,000 ಪೌಂಡ್ ಕೊಡುವ ಯೋಜನೆಯನ್ನು ಅಲ್ಲಿನ ಸರ್ಕಾರ 2024ರಲ್ಲಿ ಪ್ರಕಟಿಸಿತು. ಅಮೆರಿಕದಲ್ಲಿ ವೈದ್ಯರ ಕೊರತೆಯ ಪ್ರದೇಶಗಳಲ್ಲಿ ಕೆಲಸ ಮಾಡುವ ದಂತವೈದ್ಯರ ಓದಿನ ಸಾಲವನ್ನು ಸರ್ಕಾರ ತೀರಿಸುತ್ತದೆ. ತ್ಯಾಗದ ಮಾತಾಡಿ ಯಾರನ್ನೂ ಊರಲ್ಲಿ ಉಳಿಸಲಾಗುವುದಿಲ್ಲ ಎಂದು ಆ ದೇಶಗಳು ಒಪ್ಪಿಕೊಂಡಿವೆ. ದಂತ ಕಾಲೇಜುಗಳ ಸಂಖ್ಯೆಯಲ್ಲಿ ದೇಶದಲ್ಲೇ ಮುಂದಿರುವ ನಮ್ಮ ರಾಜ್ಯ ಇದನ್ನು ಯೋಚಿಸಲಿ. ಜಗಳೂರಿನಂಥ ತಾಲ್ಲೂಕಿನಲ್ಲಿ ಕ್ಲಿನಿಕ್ ತೆರೆಯುವವರ ಚೇರಿನ ಸಾಲಕ್ಕೆ ಬಡ್ಡಿ ರಿಯಾಯಿತಿ ಕೊಟ್ಟರೂ ಸಾಕು, ಆರಂಭವಾಗುತ್ತದೆ. ತಾಲ್ಲೂಕು ಆಸ್ಪತ್ರೆಯ ದಂತ ಆರೋಗ್ಯಾಧಿಕಾರಿಗಳ ಕೈಗೆ ಹಲ್ಲು ಉಳಿಸುವ ಸಾಮಗ್ರಿಯನ್ನೂ ಸಾಕಷ್ಟು ಕೊಡಬೇಕು.

ಸರ್ಕಾರ ಯೋಚಿಸುವವರೆಗೆ ಕಾಯದೆ ನಾವೇ ಮಾಡಬಹುದಾದದ್ದೂ ಇದೆ. ನಾಲ್ಕು ತಾಲ್ಲೂಕಿನವರು ಸೇರಿ ಸಾಮಗ್ರಿಯನ್ನು ಒಟ್ಟಿಗೆ ಕೊಳ್ಳೋಣ. ರೈತರು ಗೊಬ್ಬರಕ್ಕೆ ಸೊಸೈಟಿ ಕಟ್ಟಿಕೊಂಡಿದ್ದಾರೆ, ನಾವಿನ್ನೂ ಒಬ್ಬೊಬ್ಬರೇ ಚಿಲ್ಲರೆ ದರದಲ್ಲಿ ಕೊಳ್ಳುತ್ತಿದ್ದೇವೆ. ರೂಟ್ ಕೆನಾಲ್ ತಜ್ಞರು, ಬಾಯಿಯ ಶಸ್ತ್ರಚಿಕಿತ್ಸಕರು ವಾರದ ಗೊತ್ತಾದ ದಿನ, ಆಯಾ ಊರಿನ ಸಂತೆಯ ದಿನವೇ, ಬರುವಂತೆ ಏರ್ಪಾಡು ಮಾಡೋಣ. ಯೋಗ್ಯವಾದ ಹಲ್ಲುಗಳಿಗೆ ಒಂದೇ ಸಲಕ್ಕೆ ರೂಟ್ ಕೆನಾಲ್ ಮುಗಿಸಲು ಸಾಧ್ಯ. ರೋಗಿಗಳ ಒಂದು ದಿನದ ಕೂಲಿಯಾದರೂ ಉಳಿಯುತ್ತದೆ. ಫೀಸನ್ನು ಅಡಿಕೆಯ, ಭತ್ತದ, ಮೆಕ್ಕೆಜೋಳದ ಸುಗ್ಗಿಗೆ ಹೊಂದಿಸಿ ಕಂತು ಮಾಡೋಣ, ಆದರೆ ಪುಸ್ತಕದಲ್ಲಿ ಬರೆದು, ಇಬ್ಬರೂ ಸಹಿ ಹಾಕಿ. ಬಾಯಿಮಾತಿನ ಉದ್ರಿಯಿಂದ ದುಡ್ಡೂ ಹೋಗುತ್ತದೆ, ರೋಗಿಯೂ ನಾಚಿಕೊಂಡು ದೂರವಾಗುತ್ತಾರೆ.

ಮುಂದಿನ ಸಾಲಿನಲ್ಲಿರುವ ಗುರುಗಳಲ್ಲಿ ಒಂದು ವಿನಂತಿ. ತಮ್ಮ ಕಾಲೇಜುಗಳು ನಮ್ಮ ಹಳ್ಳಿಗಳಲ್ಲಿ ಶಿಬಿರ ನಡೆಸಿದಾಗ, ಹೆಸರು ಬರೆದುಕೊಂಡ ರೋಗಿಗಳ ಮುಂದಿನ ಆರೈಕೆಗೆ ಆಯಾ ಊರಿನ ದಂತವೈದ್ಯರ ಹೆಸರನ್ನೂ ಚೀಟಿಯಲ್ಲಿ ಬರೆದುಕೊಡಿ. ದೊಡ್ಡ ಶಸ್ತ್ರಚಿಕಿತ್ಸೆ ತಮ್ಮಲ್ಲಾಗಲಿ, ಹೊಲಿಗೆ ಬಿಚ್ಚುವುದು, ಶುಚಿ ಮಾಡುವುದು, ವರ್ಷಕ್ಕೊಮ್ಮೆ ನೋಡುವುದು ಇಲ್ಲಾಗಲಿ. ಇಂಟರ್ನ್‌ಗಳನ್ನು ಕೆಲವು ವಾರ ನಮ್ಮ ಕ್ಲಿನಿಕ್ಕುಗಳಿಗೆ ಕಳಿಸಿಕೊಡಿ. ಊರಲ್ಲಿ ಕ್ಲಿನಿಕ್ ಹಾಕಲಾ ಎಂದು ಕೇಳುವ ಮುಂಚೆ ಅವರು ಇಲ್ಲಿನ ಖರ್ಚಿನ ಪುಸ್ತಕವನ್ನೂ, ಅಪಾಯಿಂಟ್‌ಮೆಂಟ್ ಪುಸ್ತಕವನ್ನೂ ಕಣ್ಣಾರೆ ನೋಡಲಿ.

ಒಟ್ಟಿಗೆ ಕೊಳ್ಳುವ ವಿಷಯ ಮತ್ತು ತಜ್ಞರ ಸರದಿಯ ವಿಷಯ, ಈ ಎರಡು ಠರಾವುಗಳನ್ನು ಸಂಜೆಯ ಸಭೆಯ ಮುಂದಿಡುತ್ತಿದ್ದೇನೆ. ಪ್ರತಿ ತಾಲ್ಲೂಕಿನಿಂದ ಇಬ್ಬರ ಹೆಸರು ಊಟದ ಹೊತ್ತಿಗೆ ಕಾರ್ಯದರ್ಶಿಗಳ ಕೈಸೇರಲಿ. ಅವರಲ್ಲಿ ಒಬ್ಬರಾದರೂ ಕ್ಲಿನಿಕ್ ತೆರೆದು ಐದು ವರ್ಷ ಆಗದವರಾಗಿರಲಿ.